ಎರಡೂ ಕಡೆ ಸಿಂಹವಿದ್ದ ನಾಣ್ಯ

ಹೋದ ವರ್ಷ ದೀಪಾವಳಿ ಮುಗಿದು, ಮನೆಯಲ್ಲಿ ಚಕ್ಕುಲಿ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ. ಆಗ ನಡೆದದ್ದು ಇದು.

ನನಗೆ ಎಪ್ಪತ್ತನಾಲ್ಕು ವಯಸ್ಸು. ಹುಟ್ಟಿದ್ದು ಗದಗಿನಲ್ಲಿ, ಬಾಳಿದ್ದೆಲ್ಲ ಪುಣೆಯಲ್ಲಿ. ಹಡಪಸರದ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಲೋಹ ಕಡೆಯುವ ಟರ್ನರ್ ಆಗಿದ್ದೆ. ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಎಡಗಡೆಯ ಗೆರೆಯುದ್ದಕ್ಕೂ ಓಡುವ ಆಟ ನನ್ನದು. ನಾನು ಓಡಿದರೆ ಧೂಳಿಗೂ ನನ್ನನ್ನು ಹಿಡಿಯಲು ಆಗುತ್ತಿರಲಿಲ್ಲ ಎಂದು ಹೇಳುವವರಿದ್ದರು. ಮುಖ್ಯವಾಗಿ ಹೇಳುವವನು ನಾನೇ. ಆದರೂ ಸುಳ್ಳಲ್ಲ.

ನಮ್ಮ ಸೊಸೈಟಿಯಲ್ಲಿ ನನಗೆ ‘ಕಿತಾಪತಿ ಆಜೋಬಾ’ ಎಂದು ಹೆಸರು; ಆಜೋಬಾ ಎಂದರೆ ಮರಾಠಿಯಲ್ಲಿ ಅಜ್ಜ. ಗಣಪತಿ ಆರತಿ ನಡೆಯುವಾಗ ಸೆಕ್ರೆಟರಿಯ ಒಂದು ಚಪ್ಪಲಿಯನ್ನು ಮಾತ್ರ ಲಿಫ್ಟಿನಲ್ಲಿಟ್ಟು ಮೇಲೆ ಕಳಿಸುವಂಥ ಕೆಲಸಗಳಲ್ಲಿ ನನ್ನನ್ನು ಮೀರಿಸಿದವರು ಇಲ್ಲ. ಇದಕ್ಕೆಲ್ಲ ಕಿರೀಟದಂತೆ ನನ್ನ ಹತ್ತಿರ ಒಂದು ನಾಣ್ಯವಿದೆ. ಕಾರ್ಖಾನೆಯಲ್ಲಿದ್ದಾಗ ಊಟದ ಬಿಡುವಿನಲ್ಲಿ ಎರಡು ದಪ್ಪ ಐದು ರೂಪಾಯಿ ನಾಣ್ಯಗಳನ್ನು ಲೇಥಿಗೆ ಕಟ್ಟಿ, ಅಂಕಿ ಇರುವ ಕಡೆಯನ್ನು ಸವೆಸಿ, ಎರಡನ್ನೂ ಬೆನ್ನಿಗೆ ಬೆನ್ನು ಕೂಡಿಸಿ ಅಂಟಿಸಿದ್ದೆ. ಎರಡೂ ಕಡೆ ಸಿಂಹ. ಕೂಡಿಸಿದ ಜಾಗ ಉಗುರಿಗೂ ಸಿಗುವುದಿಲ್ಲ. ಪುಣೆಯಲ್ಲಿ ಟಾಸ್ ಹಾಕುವಾಗ ಸಿಂಹದ ಕಡೆಗೆ ‘ಛಾಪಾ’, ಅಂಕಿಯ ಕಡೆಗೆ ‘ಕಾಟಾ’ ಎನ್ನುತ್ತಾರೆ. ನಾನು ಜೀವನಪೂರ್ತಿ ಛಾಪಾ ಅಂದವನು, ಜೀವನಪೂರ್ತಿ ಗೆದ್ದವನು. ಹಾಲು ತರಲು ಯಾರು ಹೋಗಬೇಕು ಎನ್ನುವುದರಿಂದ ಹಿಡಿದು ಟಿವಿಯಲ್ಲಿ ಯಾವ ಚಾನೆಲ್ ಎನ್ನುವವರೆಗೆ ನಮ್ಮ ಮನೆ ಆ ನಾಣ್ಯದ ಮೇಲೆ ನಡೆದಿದೆ. ನನ್ನ ಹೆಂಡತಿ ಗೌರಿ, ‘ನಿಮ್ಮ ನಸೀಬ ಭಾಳ ಚಲೋ ಅದ ಬಿಡ್ರಿ’ ಎಂದು ಚೀಲ ತೆಗೆದುಕೊಂಡು ಹಾಲಿಗೆ ಹೊರಡುತ್ತಿದ್ದಳು.

ಇಷ್ಟು ಗೆದ್ದವನಿಗೆ ಒಬ್ಬ ಮನುಷ್ಯನ ಮೇಲೆ ಮಾತ್ರ ಹೊಟ್ಟೆಕಿಚ್ಚು. ಅವರು ನಮ್ಮ ಬೀಗರು, ಆಗ್ನೆಲೋ.

ಮಗ ಮಹಾಂತೇಶ ಮದುವೆಯಾದದ್ದು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ನೆಲೆಸಿದ ಗೋವಾದ ಮನೆತನದ ಹುಡುಗಿ ಜೆನಿಯನ್ನು. ಆಗ್ನೆಲೋ ಅವಳ ತಂದೆ. ಬೆಳಗಾವಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದವರು, ಆದ್ದರಿಂದ ಕನ್ನಡ ನೀರು ಕುಡಿದಷ್ಟು ಸಲೀಸು. ನನಗಿಂತ ಎರಡು ವರ್ಷ ಚಿಕ್ಕವರು, ತಲೆ ತುಂಬ ಕೂದಲು. ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದರೆ ಮೈದಾನವೇ ತಿರುಗಿ ನೋಡುತ್ತದೆ. ನಾನೂ ಕನ್ನಡಿಯ ಮುಂದೆ ಪ್ರಯತ್ನಪಟ್ಟಿದ್ದೇನೆ. ಎಂಜಲು ಹಾರಿತು, ಸಿಳ್ಳೆ ಬರಲಿಲ್ಲ.

ಹೊಟ್ಟೆಕಿಚ್ಚಿನ ಮೂಲ ಮಹಾಂತೇಶ ಮತ್ತು ಜೆನಿಯ ಒಬ್ಬಳೇ ಮಗಳು, ನಮ್ಮಿಬ್ಬರ ಮೊಮ್ಮಗಳು ತಾರಾ. ಹದಿನೇಳು ವಯಸ್ಸು. ತಳೇಗಾಂವದ ಒಂದು ಫುಟ್‌ಬಾಲ್ ಅಕಾಡೆಮಿಯ ಹಾಸ್ಟೆಲಿನಲ್ಲಿದ್ದು ಆಡುತ್ತಾಳೆ. ಅವಳು ಹುಟ್ಟಾ ಎಡಗಾಲಿನವಳು. ಎಡಗಾಲು ಯಾರದು? ನನ್ನದು. ರಕ್ತದಲ್ಲಿ ಬಂದದ್ದು. ಆದರೆ ಚಿಕ್ಕವಳಿದ್ದಾಗ ಆ ಕಾಲಿಗೆ ಚೆಂಡು ಕೊಟ್ಟು, ರವಿವಾರಗಟ್ಟಲೆ ಮೈದಾನಕ್ಕೆ ಕರೆದೊಯ್ದು ತಿದ್ದಿದವರು ಆಗ್ನೆಲೋ. ನಾನು ಆಗ ರಿಟೈರ್ ಆದ ಮೇಲೂ ಡಬಲ್ ಶಿಫ್ಟಿನಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಹೋಗುತ್ತಿದ್ದೆ. ಹಾಗಾಗಿ ಪೇಪರಿನವರು ಕೇಳಿದಾಗ ಹುಡುಗಿ ಏನು ಹೇಳಿದಳು? ‘ನನಗೆ ಕಲಿಸಿದವರು ಶಪಾಯ್.’ ಶಪಾಯ್ ಎಂದರೆ ಅವರ ಕೊಂಕಣಿಯಲ್ಲಿ ಅಜ್ಜ. ಆ ಪೇಪರಿನಲ್ಲಿ ನಾನು ಮರುದಿನವೇ ಚುರುಮುರಿ ಕಟ್ಟಿಸಿಕೊಂಡು ತಿಂದೆ.

ನಾವು ಹೋಗಲಾಗದ ದೂರದ ಪಂದ್ಯ ಮುಗಿದ ಮೇಲೆ ತಾರಾ ಮೊದಲ ಫೋನ್ ಮಾಡುತ್ತಿದ್ದದ್ದು ಆಗ್ನೆಲೋ ಅವರಿಗೆ. ಎರಡನೆಯದು ನನಗೆ. ಇದಕ್ಕೆ ನಾನು ಒಂದು ಉಪಾಯ ಮಾಡಿದ್ದೆ. ಪಂದ್ಯ ಮುಗಿಯುವ ಹೊತ್ತಿಗೆ ಸರಿಯಾಗಿ ನಾನೇ ಬೀಗರಿಗೆ ಫೋನ್ ಹಚ್ಚಿ ಏನಾದರೂ ಕೇಳುತ್ತಿದ್ದೆ.

‘ಬೀಗರ, ನಿಮ್ಮ ಕಡೆ ಮೆಂತ್ಯಾ ಪಲ್ಲೆ ಹೆಂಗ ಕಟ್ಟು?’

‘ನಂಗ ಗೊತ್ತಿಲ್ಲರಿ. ಮ್ಯಾಚ್ ಮುಗೀತಲ್ಲ, ತಾರಾ ಫೋನ್ ಮಾಡ್ತಾಳ, ಇಡ್ತೇನಿ.’

‘ಹಂಗಲ್ಲರಿ, ಗೌರಿಗೆ ಅವಸರ ಅದ. ಸಬ್ಬಸಗಿದಾದರೂ ಹೇಳ್ರಿ.’

ಅತ್ತ ಅವರ ಫೋನ್ ಎಂಗೇಜ್. ಇತ್ತ, ತಾರಾಗೆ ನನ್ನ ನಂಬರೆಂದು ಕೊಟ್ಟಿದ್ದ ಮಹಾಂತೇಶನ ಹಳೆಯ ಮೊಬೈಲನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೂತ ನನಗೆ ತಾರಾಳ ಮೊದಲ ಕರೆ. ಇದನ್ನು ಬೀಗರು ಕಂಡುಹಿಡಿದರು. ದೊಡ್ಡ ಜಗಳವಾಯಿತು. ಅಂದಿನಿಂದ ನಾವು ಮೈದಾನದಲ್ಲಿ ಪಕ್ಕಪಕ್ಕ ಕೂತರೆ ರೆಫರಿಗಿಂತ ಹೆಚ್ಚು ನಮ್ಮದೇ ಸದ್ದು. ಕೊನೆಗೆ ಜೆನಿ ಒಂದು ನಿಯಮ ಮಾಡಿದಳು: ‘ಮಾವಾ, ನೀವು ಈ ಗೋಲಿನ ಹಿಂದ. ಡ್ಯಾಡಿ, ನೀವು ಆ ಗೋಲಿನ ಹಿಂದ. ನಾ ನಡುವ ಕೂಡ್ತೇನಿ.’

ಹೀಗೆ ಮೊದಲ ಅರ್ಧದಲ್ಲಿ ತಾರಾ ಒಬ್ಬ ಅಜ್ಜನ ಕಡೆ ಓಡಿ ಬರುವಳು, ಬಿಡುವಿನ ನಂತರ ಕಡೆ ಬದಲಾಗಿ ಇನ್ನೊಬ್ಬ ಅಜ್ಜನ ಕಡೆ. ನ್ಯಾಯವಾಗಿಯೇ ಇತ್ತು. ಆದರೆ ಗೋಲುಗಳು ಬೀಳುತ್ತಿದ್ದದ್ದು ಯಾವಾಗಲೂ ಅವರ ಕಡೆಗೇ!

ಆ ದೀಪಾವಳಿಯ ಹೊತ್ತಿಗೆ ಹೊಸ ಸಂಕಟ ಬಂತು. ತಾರಾಳನ್ನು ಭಾರತದ ಕಿರಿಯರ ತಂಡದ ಶಿಬಿರಕ್ಕೆ ಕರೆದರು. ಸೊಸೈಟಿಯಲ್ಲಿ ಪೇಡೆ ಹಂಚಿದೆ. ಪೇಡೆ ತಿಂದ ಬಾಯಿ ಇನ್ನೂ ಒಣಗಿರಲಿಲ್ಲ, ಆಗ್ನೆಲೋ ಅವರ ತಮ್ಮ ಲಿಸ್ಬನ್ನಿನಿಂದ ಫೋನ್ ಮಾಡಿದರು. ಅಲ್ಲಿಯ ಒಂದು ಕ್ಲಬ್ಬಿನವರು ತಾರಾಳ ವಿಡಿಯೋ ನೋಡಿ, ‘ಬಾ, ಆಡಿ ತೋರಿಸು’ ಎಂದಿದ್ದಾರಂತೆ. ಬೀಗರು ಹುಟ್ಟಿದಾಗ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಹಾಗೆ ಹುಟ್ಟಿದವರ ಮಕ್ಕಳು ಮೊಮ್ಮಕ್ಕಳು ಕೇಳಿದರೆ ಪೋರ್ಚುಗಲ್ ದೇಶದ ಪಾಸ್‌ಪೋರ್ಟ್ ಸಿಗುತ್ತದೆ. ಸಿಕ್ಕರೆ ಮುಂದೆ ಒಂದು ದಿನ ಆ ದೇಶದ ತಂಡಕ್ಕೇ ಆಡಬಹುದು. ಆದರೆ ನಮ್ಮಲ್ಲಿ ಎರಡು ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಾಗಿಲ್ಲ. ಅದು ಬಂದರೆ ಇದು ಹೋಯಿತು. ಇದು ಹೋದರೆ ಭಾರತದ ನೀಲಿ ಅಂಗಿಯೂ ಹೋಯಿತು.

ನನಗೆ ನಿದ್ದೆ ಬರಲಿಲ್ಲ. ದೇಶಾಭಿಮಾನ ಎಂದು ಗೌರಿಗೆ ಹೇಳಿದೆ. ಅವಳು ನಂಬಲಿಲ್ಲ.

ನೋಡಿ, ನಾನು ಆ ಹುಡುಗಿಗೆ ಏನು ಕೊಟ್ಟಿದ್ದೆ? ಪಂದ್ಯಕ್ಕೆ ಹೊರಡುವಾಗ ಅಂಗೈಗೆ ಒಂದು ಚಮಚ ಮೊಸರು ಸಕ್ಕರೆ. ಅಷ್ಟೇ. ಆ ಮನುಷ್ಯ ಒಂದು ಇಡೀ ದೇಶವನ್ನೇ ಎತ್ತಿ ಕೊಡಲು ನಿಂತಿದ್ದ! ಸಮುದ್ರ, ಕ್ಲಬ್ಬು, ಹುಲ್ಲಿನ ಮೈದಾನ ಎಲ್ಲ ಸಮೇತ. ಅದರ ಎದುರು ನನ್ನ ಚಮಚ ಎಲ್ಲಿ ನಿಲ್ಲಬೇಕು?

‘ಗದಗಿನ್ಯಾಗ ಹುಟ್ಟಿದವರ ಮೊಮ್ಮಕ್ಕಳಿಗೆ ಯಾರೂ ಏನೂ ಕೊಡಂಗಿಲ್ಲೇನ?’ ಎಂದು ಗೌರಿಯನ್ನು ಕೇಳಿದೆ.

‘ಕೊಡ್ತಾರಲ್ಲ, ತಲಿ ಬ್ಯಾನಿ’ ಎಂದು ಆಚೆ ತಿರುಗಿ ಮಲಗಿದಳು.

ಯಾವ ಕಡೆ ಎಂದು ಆ ವಾರದೊಳಗೆ ತಾರಾ ಹೇಳಬೇಕಿತ್ತು. ರವಿವಾರ ತಳೇಗಾಂವದಲ್ಲಿ ಅವಳ ಫೈನಲ್ ಪಂದ್ಯ. ಅದು ಮುಗಿದ ಮೇಲೆ ಎಲ್ಲರೂ ಕೂತು ಮಾತಾಡುವುದೆಂದು ಜೆನಿ ಹೇಳಿದಳು. ಮಹಾಂತೇಶ ಡ್ಯೂಟಿಯ ಮೇಲಿದ್ದ, ಗೌರಿಗೆ ಮಂಡಿನೋವು. ನಾನು, ಜೆನಿ, ಬೀಗರು ಮೂವರೂ ಪುಣೆ ಸ್ಟೇಷನ್ನಿನಿಂದ ಲೋಣಾವಳಾ ಲೋಕಲ್ ಹಿಡಿದೆವು. ಬೀಗರು ಕಿಟಕಿಗೆ ಕೂತರು. ನಾನೂ ಕಿಟಕಿಗೇ ಕೂತೆ, ಆದರೆ ಎದುರು ಕಡೆಯ ಕಿಟಕಿಗೆ. ಕಿಸೆಯಲ್ಲಿ ನಾಣ್ಯ ಬೆಚ್ಚಗಿತ್ತು.

ಮೈದಾನದಲ್ಲಿ ಮೊದಲ ಅರ್ಧ ತಾರಾ ನನ್ನ ಗೋಲಿನ ಕಡೆ ಆಡಿದಳು. ಕೂಗಿ ಕೂಗಿ ನನ್ನ ಗಂಟಲು ಬಿತ್ತು. ಒಂದು ಹೊಡೆತ ಕಂಬಕ್ಕೆ ಬಡಿದು ಠಣ್ ಎಂದಿತು. ಕಂಬ ನಾಲ್ಕು ಬೆರಳು ಆಚೆ ಇದ್ದಿದ್ದರೆ ಈ ಕತೆ ಬೇರೆ ಇರುತ್ತಿತ್ತು. ಅವಳ ಹಿಂದೆ ನಡುಭಾಗದಲ್ಲಿ ಗುಂಗುರು ಕೂದಲಿನ ಗಿಡ್ಡ ಹುಡುಗಿಯೊಬ್ಬಳು ಆಡುತ್ತಿದ್ದಳು. ಮಣಿಪುರದವಳು, ಹಾಸ್ಟೆಲಿನಲ್ಲಿ ತಾರಾಳ ಕೋಣೆಯವಳು, ಹೆಸರು ತೋಯ್ಬಿ. ಚೆಂಡು ಅವಳ ಕಾಲಿಗೆ ಬಂದದ್ದೇ ತಡ, ತಲೆ ಎತ್ತಿ ನೋಡದೆಯೇ ತಾರಾ ಇರುವ ಕಡೆ ಕಳಿಸುತ್ತಿದ್ದಳು. ನಾನು ಅವಳ ಕಡೆ ಹೆಚ್ಚು ಲಕ್ಷ್ಯ ಕೊಡಲಿಲ್ಲ. ನನ್ನ ಕಣ್ಣು ಆಚೆ ತುದಿಯಲ್ಲಿ ಟೊಪ್ಪಿಗೆ ಹಾಕಿಕೊಂಡು ರಾಜನ ಹಾಗೆ ಕೂತಿದ್ದ ಬೀಗರ ಮೇಲಿತ್ತು.

ಎರಡನೇ ಅರ್ಧದಲ್ಲಿ ಆಗಬೇಕಾದದ್ದೇ ಆಯಿತು. ತೋಯ್ಬಿ ಗೋಲಿನ ಹತ್ತಿರದವರೆಗೆ ಮುಂದೆ ನುಗ್ಗಿ ಚೆಂಡನ್ನು ಹಿಂದಕ್ಕೆ ಕೊಟ್ಟಳು, ತಾರಾ ಎಡಗಾಲಿನಲ್ಲಿ ಬಲೆಗೆ ಹಾಕಿದಳು. ಆಮೇಲೆ ಎರಡೂ ತೋಳು ಚಾಚಿ ಓಡಿದಳು. ಅಷ್ಟು ದೂರದಿಂದ ನನಗೆ ಕಂಡದ್ದು ಅವಳ ಬೆನ್ನು ಮಾತ್ರ. ಆ ಬೆನ್ನಿನ ಆಚೆ ಯಾರಿದ್ದರು? ಎದ್ದು ನಿಂತು ಸಿಳ್ಳೆ ಹೊಡೆಯುತ್ತಿದ್ದ ಆಗ್ನೆಲೋ. ನನ್ನ ಎಡಗಾಲು, ನನ್ನ ರಕ್ತ, ಓಡಿದ್ದು ಅವರ ಕಡೆಗೆ! ಆಗಲೇ ನಿಶ್ಚಯ ಮಾಡಿದೆ: ಇವತ್ತು ನಾಣ್ಯ ಹೊರಗೆ ಬರಲೇಬೇಕು.

ಪಂದ್ಯ ಗೆದ್ದ ಮೇಲೆ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ನಾಲ್ವರೂ ಪಾವಿನ ಜೊತೆ ತಿನ್ನುವ ಖಾರದ ಮಿಸಳಕ್ಕೆ ಕೂತೆವು. ತಾರಾ ಇನ್ನೂ ಕೆಸರಿನ ಕಾಲುಚೀಲದಲ್ಲೇ ಇದ್ದಳು. ಬೀಗರು ಮಿಸಳದ ಮೇಲೆ ನಿಂಬೆಹಣ್ಣು ಹಿಂಡುತ್ತ ಶುರುಮಾಡಿದರು.

‘ಹೋದರ ಅಕಿ ಅಲ್ಲಿ ಆಟ ಕಲೀತಾಳ. ನಾ ಇಷ್ಟ ಹೇಳೂದು.’

‘ಇಲ್ಲೇನ್ ಲಗೋರಿ ಆಡ್ತಾರೇನ್ರಿ?’ ಅಂದೆ.

‘ಬೀಗರ, ನಾ ಆಟದ ಮಾತ ಆಡಾಕತ್ತೇನಿ.’

‘ನಾನೂ ಆಟದ್ದ ಮಾತ. ಅಲ್ಲಿ ಹೋಗಿ ಬೆಂಚ್ ಬಿಸಿ ಮಾಡೂದು, ಇಲ್ಲಿ ನೀಲಿ ಅಂಗಿ ಹಾಕ್ಕೊಂಡು ಓಡೂದು. ಯಾವುದ ಚಲೋ?’

‘ನಿಮಗ ಅಕಿ ಓಡೂದ ಬೇಕಿಲ್ಲ. ಸೊಸೈಟಿಯೊಳಗ ನೀಲಿ ಅಂಗಿ ಫೋಟೋ ತೋರಸೂದ ಬೇಕಾಗೇದ.’

‘ನಿಮಗೇನ ಬೇಕಾಗೇದ? ಲಿಸ್ಬನ್ನಿನ ತಮ್ಮನ ಮುಂದ ಮೀಸಿ ತಿರವೂದು!’

ಜೆನಿ ತಲೆ ಹಿಡಿದುಕೊಂಡಳು. ‘ಒಂದ ಗೋಲ್‌ಪೋಸ್ಟ್ ಈ ಟೇಬಲ್ ನಡುವ ಹುಗೀಬೇಕಾಗ್ತದ ನೋಡ್ರಿ ಇನ್ನ.’

ಇದೇ ಹೊತ್ತು ಎಂದು ನಾನು ಕಿಸೆಗೆ ಕೈಹಾಕಿದೆ. ಬಹಳ ದೊಡ್ಡ ಮನಸ್ಸಿನವನ ಹಾಗೆ ಮುಖ ಮಾಡಿಕೊಂಡು, ‘ಜಗಳ ಯಾಕ? ಆಟದ ಮಾತು ಆಟದಂಗ ತೀರಲಿ. ಟಾಸ್ ಹಾಕೂಣು. ನಸೀಬನ್ಯಾಗ ಇದ್ದದ್ದ ಆಗಲಿ’ ಎಂದೆ. ಐದು ರೂಪಾಯಿ ನಾಣ್ಯ ಮೇಜಿನ ಮೇಲೆ ಮಿಂಚಿತು, ಸಿಂಹ ಮೇಲೆ.

‘ದೇಶಕ್ಕ ಟಾಸ್ ಹಾಕ್ತಾರೇನ್ರಿ ಯಾರಾದರೂ?’ ಎಂದರು ಬೀಗರು.

ಆದರೆ ತಾರಾ ಚಮಚ ಕೆಳಗಿಟ್ಟಳು. ‘ಆಗ್ಲಿ ಅಜ್ಜಾ. ಹಾಕೂಣು.’

ನನ್ನ ಎದೆ ಉಬ್ಬಿತು. ನಾಣ್ಯ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, ‘ಛಾಪಾ ಬಿದ್ದರ...’ ಎನ್ನುವಷ್ಟರಲ್ಲಿ ಅವಳು ಅದನ್ನು ನನ್ನ ಬೆರಳಿನಿಂದ ಎತ್ತಿಕೊಂಡಳು.

‘ಆಡಾಕಿ ನಾನು. ಹೇಳಾಕಿನೂ ನಾನ. ಛಾಪಾ ಬಿದ್ದರ ಪೋರ್ಚುಗಲ್. ಕಾಟಾ ಬಿದ್ದರ ಭಾರತ.’

ಅಂದವಳೇ ಹೆಬ್ಬೆರಳಿನಿಂದ ಚಿಮ್ಮಿಸಿದಳು.

ಆ ನಾಣ್ಯ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ನನ್ನ ಪ್ರಾಣ ಎಲ್ಲೆಲ್ಲಿ ಹೋಗಿ ಬಂತೋ ನನಗೇ ಗೊತ್ತು. ಎರಡೂ ಕಡೆ ಸಿಂಹ! ಅದು ಹೇಗೆ ಬಿದ್ದರೂ ಹುಡುಗಿ ಹೋದಳು. ಆ ಸಿಂಹಗಳನ್ನು ಕೂಡಿಸಿದವನು ನಾನೇ, ನನ್ನದೇ ಲೇಥಿನ ಮೇಲೆ, ಕಾಟಾ ಎಲ್ಲೂ ಉಳಿಯದ ಹಾಗೆ. ವಯಸ್ಸು ಗಿಯಸ್ಸು ಎಲ್ಲ ಮರೆತು ಎದ್ದು ಹಾರಿದೆ. ನಾಣ್ಯವನ್ನು ಗಾಳಿಯಲ್ಲೇ ಹಿಡಿದೆ. ಮೊಣಕೈ ತಾಗಿ ಬೀಗರ ಮಜ್ಜಿಗೆ ಲೋಟ ಅವರ ಪ್ಯಾಂಟಿನ ಮೇಲೆ ಮಗುಚಿತು.

ಹೋಟೆಲಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

‘ಯಾಕ್ರಿ ಬೀಗರ, ಕ್ಯಾಚ್ ಹಿಡದ್ರಿ?’ ಎಂದರು ಆಗ್ನೆಲೋ, ಮಜ್ಜಿಗೆ ಒರೆಸಿಕೊಳ್ಳುತ್ತ. ‘ಇದು ಕ್ರಿಕೆಟ್ ಅಲ್ಲಲ್ಲ.’

‘ನೊಣಾ ಬಂದಿತ್ತು’ ಎಂದೆ.

‘ಕೈ ತಗೀರಿ.’

‘ಯಾಕ ತಗೀಬೇಕು?’

‘ತಗೀರಿ ಅಂದೆ.’

ಅವರು ನನ್ನ ಮುಷ್ಟಿಯ ಒಂದೊಂದೇ ಬೆರಳು ಬಿಡಿಸಿದರು. ನಾಣ್ಯವನ್ನು ಈ ಕಡೆ ನೋಡಿದರು. ಹೊರಳಿಸಿ ಆ ಕಡೆ ನೋಡಿದರು. ಮತ್ತೆ ಈ ಕಡೆ ನೋಡಿದರು. ತಾರಾ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು.

‘ಅಜ್ಜಾ, ನಾ ಮೂರನೇ ಕ್ಲಾಸಿನ್ಯಾಗ ಇದ್ದಾಗ ಗೊತ್ತಾಗೇದ ನಂಗ. ಅಜ್ಜಿಗೂ ಗೊತ್ತದ.’

‘ಗೌರಿಗೆ?’

‘ಹಾಲಿಗೆ ಹೋದರ ಅಜ್ಜಿಗೆ ಮೈತ್ರಿಣಿ ಜೋಡಿ ಹರಟಿ ಹೊಡೀಲಿಕ್ಕೆ ಸಿಗ್ತದ. ಅದಕ್ಕ ಸುಮ್ಮನ ಇರ್ತಾಳ.’

ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಕೂತೆ. ಬೀಗರು ಬೈಯಲಿಲ್ಲ. ನಾಣ್ಯವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು.

‘ನೀವು ಮೋಸದ್ದಾದರೂ ಒಂದು ಟಾಸ್ ಹಾಕಿದ್ರಿ’ ಎಂದರು. ‘ಗೋವಾ ಭಾರತಕ್ಕ ಸೇರಿ ನನ್ನ ದೇಶ ಬದಲಾದಾಗ ಅದೂ ಇರಲಿಲ್ಲರಿ. ಸಣ್ಣ ಹುಡುಗ ನಾನು. ಮನಿಯೊಳಗ ಎಲ್ಲಾರೂ ಬಾಗಲಾ ಹಾಕ್ಕೊಂಡು ಕೂತಿದ್ದರು. ಬಾಗಲಾ ತಗದು ಹೊರಗ ಬಂದಾಗ ಶಾಲಿ ಮ್ಯಾಲಿನ ಬಾವುಟ ಬ್ಯಾರೆ. ಚಲೋನ ಆತು, ಅಪ್ಪ ಪೇಡೆ ಹಂಚಿದ. ಆದರ ನನ್ನ ಯಾರೂ ಏನೂ ಕೇಳಲಿಲ್ಲ. ಅದಕ್ಕ, ಈಕಿನ್ನ ಒಮ್ಮೆ ಯಾರಾದರೂ ಕೇಳಲಿ ಅಂತ ನನಗ ಆಸೆ. ಹೋಗಂತ ನಾ ಅಂದಿಲ್ಲ, ಬೀಗರ.’

ಆ ಮಾತಿಗೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬುತ್ತೀರಾ? ಅಂಥ ಮಾತು ನನ್ನ ಬಾಯಿಂದ ಬರಬೇಕಿತ್ತು. ಆದರೆ ಗದಗಿನಲ್ಲಿ ನನಗೆ ಅಂಥದ್ದೇನೂ ಆಗಿರಲಿಲ್ಲ.

‘ಹಂಗಾರ ಕೇಳ್ರಿ’ ಎಂದಳು ಜೆನಿ. ‘ಇಬ್ಬರೂ ಸುಮ್ಮನಿದ್ದು ಒಮ್ಮೆ ಕೇಳ್ರಿ ಅಕಿನ್ನ.’

ತಾರಾ ನಗು ನಿಲ್ಲಿಸಿ, ಉಳಿದ ಪಾವಿನ ತುಂಡಿನಿಂದ ಬಟ್ಟಲು ಒರೆಸಿದಳು. ‘ನಾ ಕೋಚ್‌ಗೆ ನಿನ್ನೇನೇ ಹೇಳೀನಿ. ಭಾರತದ ಶಿಬಿರಕ್ಕ ಹೋಗ್ತೇನಿ.’

ನಾನು ಮೇಜು ಗುದ್ದಿದೆ. ‘ಶಾಬಾಸ್! ಎಷ್ಟಂದರೂ ಎಡಗಾಲು ಯಾರದು!’

‘ನಿನ ಸಲುವಾಗಿ ಅಲ್ಲ ಅಜ್ಜಾ.’

ಬೀಗರು ಟೊಪ್ಪಿಗೆ ಸರಿಮಾಡಿಕೊಂಡರು. ‘ನನ್ನ ಸಲುವಾಗಿ ಇಲ್ಲಿ ಉಳೀಬ್ಯಾಡ, ಮಗಳ. ವಿಚಾರ ಮಾಡು.’

‘ನಿಮ್ಮ ಸಲುವಾಗಿನೂ ಅಲ್ಲ ಶಪಾಯ್. ತೋಯ್ಬಿನ್ನೂ ಕರದಾರ ಶಿಬಿರಕ್ಕ. ನಾ ಎಲ್ಲಿ ಓಡ್ತೇನಿ ಅಂತ ನಂಗ ಗೊತ್ತಾಗೂಕಿಂತ ಮೊದಲ ಅಕಿಗೆ ಗೊತ್ತಾಗ್ತದ. ಹಂತಾಕಿ ನಂಗ ಅಲ್ಲಿ ಯಾರು ಸಿಗ್ತಾರ? ಅಕಿ ಯಾವ ಅಂಗಿ ಹಾಕ್ಕೋತಾಳ ನಂಗೂ ಅದ ಬೇಕು. ಇಬ್ಬರೂ ಕೂಡೇ ಜನಗಣಮನ ಅನ್ನೂದು ಅಂತ ಹಾಸ್ಟೆಲ್‌ನ್ಯಾಗ ಮೊದಲನೇ ವರ್ಷನ ಮಾತಾಗೇದ.’

ನಾನು ಬೀಗರ ಮುಖ ನೋಡಿದೆ. ಬೀಗರು ನನ್ನ ಮುಖ ನೋಡಿದರು.

‘ಯಾರಾಕಿ, ಆ ಗುಂಗುರು ಕೂದಲದಾಕಿ?’ ಎಂದೆ.

‘ಗಿಡ್ಡಾಕಿ?’ ಎಂದರು ಅವರು.

‘ಹೂಂ. ಮಿಸಳ ಪಾರ್ಸಲ್ ತಗೊಂಡ ಹೋಗಬೇಕು ಅಕಿಗೆ. ಖಾರ ಜಾಸ್ತಿ.’

ಹೊರಡುವಾಗ ತಾರಾ ಇಬ್ಬರ ಕಾಲಿಗೂ ನಮಸ್ಕಾರ ಮಾಡಿ, ಪಾರ್ಸಲ್ ಎದೆಗೊತ್ತಿಕೊಂಡು ಹಾಸ್ಟೆಲಿನ ಕಡೆ ಓಡಿದಳು. ಪಂದ್ಯದಲ್ಲಿ ಕೂಡ ಅಷ್ಟು ಜೋರಾಗಿ ಓಡಿರಲಿಲ್ಲ.

ಮರಳುವ ಲೋಕಲಿನಲ್ಲಿ ನಾನು, ಬೀಗರು ಒಂದೇ ಬೆಂಚಿನ ಮೇಲೆ ಕೂತೆವು. ಜೆನಿ ಎದುರಿಗೆ ನಿದ್ದೆ ಹೋಗಿದ್ದಳು.

‘ಏನ ಆದರೂ ಗೋಲ್ ಹೊಡದ ಮ್ಯಾಲೆ ಓಡಿ ಬಂದದ್ದು ನಿಮ್ಮ ಕಡೇನ’ ಎಂದೆ ಕೊನೆಗೆ. ಒಳಗಿನದು ಹೊರಗೆ ಬಂದೇ ಬಂತು.

‘ನನ್ನ ಕಡೆ ಎಲ್ಲಿ ಬಂದಳ್ರಿ? ನಾ ಸಿಳ್ಳಿ ಹೊಡದ ಹೊಡದ ತುಟಿ ಹರಕೊಂಡೆ. ಆ ಮಣಿಪುರದ ಹುಡುಗಿ ಕೊರಳಿಗೆ ಬಿದ್ದಳು. ನನ್ನ ಕಡೆ ತಿರುಗಿ ಸುದ್ಧಾ ನೋಡಲಿಲ್ಲ.’

‘ಖರೇ?’

‘ಏಸುವಿನ ಆಣಿ.’

ಎಷ್ಟೋ ವರ್ಷಗಳ ನಂತರ ಎದೆ ಹಗುರಾಯಿತು. ಮರುಕ್ಷಣವೇ ಇನ್ನೊಂದು ಕಡೆಯಿಂದ ಭಾರವಾಯಿತು. ‘ಆ ಗಿಡ್ಡಾಕಿ ಪಾಸ್ ಅಂಥಾದ್ದೇನ ಚಂದ ಇರಂಗಿಲ್ಲ ಬಿಡ್ರಿ’ ಎಂದೆ.

‘ಅಕಿ ಎಡಗಾಲಂತೂ ಭಾಳ ಸೊಟ್ಟ’ ಎಂದರು ಬೀಗರು. ಇಬ್ಬರೂ ಸುಳ್ಳು ಹೇಳುತ್ತಿದ್ದೆವು, ಇಬ್ಬರಿಗೂ ಗೊತ್ತಿತ್ತು. ಪುಣೆ ಬರುವವರೆಗೆ ಅವಳಲ್ಲಿ ಇನ್ನೂ ಎಷ್ಟೋ ತಪ್ಪು ಹುಡುಕಿದೆವು. ಅಷ್ಟು ಆನಂದದ ಪ್ರಯಾಣ ನಾನು ಮಾಡಿಲ್ಲ.

ಈಗ ನಾವಿಬ್ಬರೂ ಪಂದ್ಯಕ್ಕೆ ಹೋದರೆ ಒಂದೇ ಗೋಲಿನ ಹಿಂದೆ ಕೂಡುತ್ತೇವೆ. ಜೆನಿಗೆ ಇದರಿಂದ ಗಾಬರಿ. ಮೊನ್ನೆ ಶಿಬಿರದಿಂದ ತಾರಾ ಒಂದು ಫೋಟೋ ಕಳಿಸಿದ್ದಳು. ನೀಲಿ ಅಂಗಿ, ಎದೆಯ ಮೇಲೆ ದೇಶದ ಹೆಸರು. ಅವಳ ಪಕ್ಕದಲ್ಲಿ ಹಲ್ಲು ಕಿಸಿದುಕೊಂಡು ಆ ಗುಂಗುರು ಕೂದಲಿನವಳು. ನಾನೂ ಬೀಗರೂ ಅವರ ಬಡಾವಣೆಯ ಸ್ಟುಡಿಯೋಕ್ಕೆ ಹೋಗಿ ದೊಡ್ಡದಾಗಿ ಎರಡು ಪ್ರತಿ ಹಾಕಿಸಿದೆವು. ಕಟ್ಟು ಹಾಕಿಸುವ ಮುಂಚೆ ನಾನು ಫೋಟೋದ ಒಂದು ಬದಿಯನ್ನು ನಾಜೂಕಾಗಿ ಹಿಂದಕ್ಕೆ ಮಡಚಿದೆ, ತಾರಾ ಒಬ್ಬಳೇ ಕಾಣುವ ಹಾಗೆ. ಬೀಗರು ಅಂಚಿಗೆ ಉಗುರು ಎಳೆದುಕೊಟ್ಟರು. ಲೇಥಿನ ಮೇಲೆ ಕೆಲಸ ಮಾಡಿದ ಕೈ ನನ್ನದು, ಮಡಿಕೆ ಕೂದಲೆಳೆಯಷ್ಟೂ ಸೊಟ್ಟಾಗಲಿಲ್ಲ.

ಈಗ ಅದು ನಮ್ಮ ಹಾಲ್‌ನ ಗೋಡೆಯ ಮೇಲಿದೆ. ಬಂದವರಿಗೆಲ್ಲ ತೋರಿಸುತ್ತೇನೆ. ‘ಎಡಗಾಲು ನನ್ನದು’ ಎನ್ನುತ್ತೇನೆ. ಎಲ್ಲರೂ ಚೆಂದ ಅನ್ನುತ್ತಾರೆ. ಆಮೇಲೆ ಹತ್ತಿರ ಬಂದು ಕೇಳುತ್ತಾರೆ, ‘ಹೆಗಲ ಮ್ಯಾಲಿನ ಈ ಕೈ ಯಾರದ್ರಿ?’

ಎಷ್ಟು ಮಡಚಿದರೂ ಆ ಕೈಯೊಂದು ಒಳಗೇ ಉಳಿದುಬಿಟ್ಟಿದೆ.